ಕಾಲುಮಣೆ

"ಇದೇ ನಿಮ್ಮ ಜಾಗ," ಎಂದು ಆಡಳಿತ ವಿಭಾಗದ ಗುಮಾಸ್ತ ತೋರಿಸಿದ್ದು, ಎಲ್ಲರೂ ಅಕ್ಕ ಎನ್ನುತ್ತಿದ್ದ ಹಿರಿಯ ಸಹೋದ್ಯೋಗಿಯ ಕುರ್ಚಿಯನ್ನು. ಅನುವಾದಕಿ ಬಗ್ಗಿ ನೋಡಿದಳು. ಮೇಜಿನ ಕೆಳಗೆ ಅಕ್ಕನ ಕಾಲುಮಣೆ ಕೂಡ ಹಾಗೇ ಇತ್ತು. ಅಕ್ಕ ಕುಳ್ಳಿ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕದು ಅಂತ ಅವಳ ಗಂಡ ಕೈಯಾರೆ ಮಾಡಿಕೊಟ್ಟಿದ್ದ ಮರದ ಮಣೆ.

"ಬೇರೆ ಕುರ್ಚಿ ಇಲ್ವಾ?"

"ಖಾಲಿ ಇರೋದು ಇದೊಂದೇ ಮೇಡಂ."

ಎಷ್ಟೋ ದೇಶಗಳು ಸೇರಿ ನಡೆಸುವ ಸಂಸ್ಥೆ ಅದು. ನ್ಯಾಯ, ಸಮಾನತೆ ಎಂದು ಊರಿಗೆಲ್ಲ ಹೇಳುತ್ತದೆ. ಒಳಗಿನವರ ಕೆಲಸ ಮಾತ್ರ ಒಪ್ಪಂದದ ಅವಧಿ ಇರುವಷ್ಟು ದಿನ. ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿಂದೊಮ್ಮೆ ಮುಖ್ಯಸ್ಥರು ಕಾರಿಡಾರಿನಲ್ಲಿ, "ಮುಂದಿನ ವರ್ಷವೂ ನೀವೇ, ನಿಶ್ಚಿಂತೆಯಾಗಿರಿ" ಎಂದಿದ್ದರು. ಅದನ್ನು ನಂಬಿ ಅನುವಾದಕಿ ಬೇರೆಡೆ ಸಿಕ್ಕಿದ್ದ ಕೆಲಸವನ್ನು ಬಿಟ್ಟುಕೊಟ್ಟಳು. ಅವಧಿ ಮುಗಿದಾಗ ಅವರು ಕೈಯೆತ್ತಿಬಿಟ್ಟರು. ಅವಳು ಸಂಸ್ಥೆಯ ನ್ಯಾಯಮಂಡಳಿಗೆ ಹೋದರೆ, "ಹಾಗಂದೇ ಇಲ್ಲ" ಎಂದು ಸಾಧಿಸಿದರು.

ಆ ಮಾತನ್ನು ಕೇಳಿಸಿಕೊಂಡಿದ್ದವಳು ಕರಡು ತಿದ್ದುವ ಅಕ್ಕ ಒಬ್ಬಳೇ. ಅವಳ ಒಪ್ಪಂದವೂ ಮುಗಿಯುತ್ತ ಬಂದಿತ್ತು. ಗಂಡನ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್ ಸಂಸ್ಥೆಯ ವಿಮೆಯಿಂದಲೇ ನಡೆಯುತ್ತಿತ್ತು. ಆದರೂ ಅವಳು ಬಂದು ನಿಂತು, "ನಾನು ಕೇಳಿದ್ದೀನಿ. ನನ್ನ ಕಿವಿ ಇನ್ನೂ ಚೆನ್ನಾಗಿದೆ" ಅಂದಳು. ಅನುವಾದಕಿ ಗೆದ್ದಳು, ಒಂದು ವರ್ಷದ ಹೊಸ ಒಪ್ಪಂದ ಸಿಕ್ಕಿತು. ಅಷ್ಟರಲ್ಲಿ ಅಕ್ಕನ ಹುದ್ದೆಯೇ ಅನಗತ್ಯ ಎಂದಾಗಿಹೋಯಿತು.

ಕೆಲಸಕ್ಕೆ ಮರಳಿದ ಮೊದಲ ದಿನವೇ ಮಧ್ಯಾಹ್ನ ಮುಖ್ಯಸ್ಥರು ಕೋಣೆಗೆ ಕರೆದು ಕಾಫಿ ಕೊಟ್ಟರು. ಬೆಣ್ಣೆಯಂಥ ಮಾತು.

"ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ನಿಮ್ಮ ಹೊಟ್ಟೆಪಾಡು, ಹೋರಾಡಿದ್ರಿ. ಆದ್ರೆ ಇನ್ನೊಬ್ಬರ ಜಗಳಕ್ಕೆ ಸಾಕ್ಷಿ ಹೇಳೋಕೆ ಹೋಗ್ತಾರಲ್ಲ, ಅಂಥವರಿಗೆ ನನ್ನ ಹತ್ರ ಜಾಗ ಇಲ್ಲ. ಆಯಮ್ಮನ್ನ ಕಳಿಸಿದ್ದೇ ಅದಕ್ಕೆ."

ಸಂಜೆ ಮನಸ್ಸು ತಡೆಯದೆ ಅವಳು ಅಕ್ಕನಿಗೆ ಫೋನ್ ಮಾಡಿ ಹೇಳಿಬಿಟ್ಟಳು. ಅಕ್ಕ ಅಳಲಿಲ್ಲ, ಹಿಗ್ಗಿದಳು.

"ಅವರ ಬಾಯಲ್ಲೇ ಬಂತಾ? ಅಷ್ಟು ಸಾಕು ಕಣೇ! ಸಾಕ್ಷಿ ಹೇಳಿದ್ದಕ್ಕೆ ಯಾರನ್ನೂ ತೆಗೆಯೋ ಹಾಗಿಲ್ಲ. ನೀನು ಕೇಳಿದ್ದನ್ನ ಬರೆದುಕೊಡು, ನಾನು ಅರ್ಜಿ ಹಾಕ್ತೀನಿ. ತಿಂಗಳ ಕೊನೆಯೊಳಗೆ ಹಾಕ್ಬೇಕು, ಆಮೇಲೆ ಮಂಡಳಿಯವರು ಅದನ್ನ ಮುಟ್ಟೋದೂ ಇಲ್ಲ."

"ಬರೆದುಕೊಡ್ತೀನಿ ಅಕ್ಕ. ನಿಮಗಲ್ಲದೆ ಇನ್ಯಾರಿಗೆ?"

ಹೇಳುವಾಗ ಮನಸ್ಸಿನಿಂದಲೇ ಹೇಳಿದ್ದಳು. ಎರಡು ದಿನ ಕಳೆಯುವಷ್ಟರಲ್ಲಿ ಮುಖ್ಯಸ್ಥರು ಅವಳ ಮೇಜಿನ ಬಳಿ ನಿಂತು, "ಮುಂದಿನ ಸಲ ನಿಮ್ಮದನ್ನ ಮೂರು ವರ್ಷಕ್ಕೆ ಮಾಡಿಸೋಣ ಅಂತ ಮೇಲೆ ಮಾತಾಡ್ತಿದೀನಿ" ಎಂದರು. ಮೂಗಿಗೆ ತುಪ್ಪ ಸವರುವುದೆಂದರೆ ಇದೇ. ಅದೇ ತುಪ್ಪ, ಅದೇ ಕೈ ಎಂದು ಅವಳಿಗೂ ಗೊತ್ತಿತ್ತು. ಆದರೆ ಮನೆಯಲ್ಲಿ ಕೆಲಸವಿಲ್ಲದ ಗಂಡ, ಶಾಲೆಗೆ ಹೋಗುವ ಮಗಳು. ಹೊರದೇಶದಿಂದ ಬಂದವರು; ಕೆಲಸ ಹೋದರೆ ಆ ದೇಶದಲ್ಲಿರುವ ಪರವಾನಗಿಯೂ ಹೋಗುತ್ತಿತ್ತು. ಒಮ್ಮೆ ಅನುಭವಿಸಿದ್ದೇ ಸಾಕಾಗಿತ್ತು.

"ಸ್ವಲ್ಪ ತಡೀರಿ ಅಕ್ಕ, ನಾನೇ ಅವರ ಹತ್ರ ಮಾತಾಡ್ತಿದೀನಿ. ಜಗಳ ಇಲ್ಲದೆ ಆಗೋದಾದ್ರೆ ಒಳ್ಳೇದಲ್ವಾ?" ಅಂದಳು ಒಮ್ಮೆ. ನಿಜಕ್ಕೂ ಅವಳು ಮಾತಾಡಿಯೇ ಇರಲಿಲ್ಲ. ಅದು ಯಾರ ಧಾಟಿ ಎಂದು ಹೊಳೆದು ನಾಚಿಕೆಯಾಯಿತು. ಊಟದ ಹೊತ್ತಿಗೆ ನಾಚಿಕೆ ಇಳಿಯಿತು.

ಗಡುವಿನ ದಿನ ಬೆಳಗಿನಿಂದ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವಳು ಅದನ್ನು ಡ್ರಾಯರಿಗೆ ಹಾಕಿ, ಎರಡೂ ಕಾಲನ್ನು ಮಣೆಯ ಮೇಲಿಟ್ಟು ಕೆಲಸ ಮಾಡಿದಳು. ಬೆನ್ನಿಗೆ ಹಿತವೆನಿಸಿತು.

ಮರುದಿನ ಗೇಟಿನಿಂದ ಕರೆ ಬಂತು, ಅನುವಾದಕಿ ಇಳಿದುಹೋದಳು. ಅಕ್ಕನ ಪಾಸು ಈಗ ನಡೆಯುತ್ತಿರಲಿಲ್ಲ. ತಡೆಗಂಬದ ಆಚೆಯೇ ನಿಂತಿದ್ದಳು. ಮಗಳಿಗೆ ಜ್ವರ ಎಂಬ ಸುಳ್ಳು ಅನುವಾದಕಿಯ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

"ಅಕ್ಕ, ನಿನ್ನೆ ಏನಾಯ್ತು ಅಂದ್ರೆ..."

"ನನ್ನ ಮಣೆ ತಂದುಕೊಡು," ಎಂದಳು ಅಕ್ಕ. "ಆಸ್ಪತ್ರೆಗೆ ವಾರಕ್ಕೆ ಒಂದೇ ಸಲ ಹೋಗ್ತಿದೀವಿ. ಅವರಿಗೆ ಕಾಲು ಊದಿದೆ, ಮಂಚ ಹತ್ತೋಕೆ ಆಗ್ತಿಲ್ಲ."

ಅವಳು ಮೇಲೆ ಹೋಗಿ ಮಣೆ ಎತ್ತಿಕೊಂಡಳು. ಲಿಫ್ಟಿನ ಬೆಳಕಿನಲ್ಲಿ ಅದರ ಮೇಲೆ ತನ್ನ ಬೂಟುಗಳ ಗುರುತು ಅಚ್ಚಾಗಿ ಕಂಡಿತು. ಒರೆಸಬೇಕೆನ್ನುವಷ್ಟರಲ್ಲಿ ಬಾಗಿಲು ತೆರೆಯಿತು; ಎದುರಿಗೆ ಮುಖ್ಯಸ್ಥರು.

"ಏನು, ಈಗಲೇ ಗಂಟುಮೂಟೆ ಕಟ್ತಿದೀರಾ?" ಎಂದು ನಕ್ಕರು.

"ಇಲ್ಲ ಸಾರ್. ಯಾರದೋ ಹಳೇ ಸಾಮಾನು. ಎಸೆಯೋಕೆ."

ಅವರು ಅಲ್ಲೇ ನಿಂತಿದ್ದರು. ಅವಳು ಗೇಟಿನವರೆಗೆ ಹೋಗಲಿಲ್ಲ. ಮಣೆಯನ್ನು ಕಾವಲುಗಾರನ ಕೈಗೆ ಕೊಟ್ಟು ಗಾಜಿನ ಬಾಗಿಲ ಈಚೆಯೇ ಉಳಿದಳು.

ರಸ್ತೆಯಾಚೆ ಬಸ್ ನಿಲ್ದಾಣದಲ್ಲಿ ಅಕ್ಕ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕರವಸ್ತ್ರ ತೆಗೆದು ಮಣೆ ಒರೆಸಿದಳು. ಎಂಜಲು ಹಚ್ಚಿ ಮತ್ತೆ ಒರೆಸಿದಳು. ಬಸ್ಸು ಬಂದು ನಿಂತು, ಹೊರಟುಹೋಯಿತು. ಅವಳು ಇನ್ನೂ ಒರೆಸುತ್ತಲೇ ಇದ್ದಳು.