ಪೂಜೆಯ ಸೀರೆ

ಹಟದಲ್ಲಿ ಜಗದಾಂಬಾ ಥೇಟ್ ಅಜ್ಜಿಯೇ ಎಂದು ರಾಜಾಜಿನಗರದ ಆ ಬೀದಿಯವರೆಲ್ಲ ಹೇಳುತ್ತಿದ್ದರು. ಎಂಬತ್ನಾಲ್ಕರ ಬೇಸಿಗೆಯಲ್ಲಿ ಅವಳ ಪಿಯುಸಿ ಮುಗಿಯಿತು. ಮೆಡಿಕಲ್ ಸೀಟು ಎಟುಕಲಿಲ್ಲ, ಇನ್ನುಳಿದದ್ದು ಬಿಎಸ್ಸಿ. ಹೋಂ ಸೈನ್ಸ್ ಓದಿದರೆ ಮನೆಗೂ ಆಯಿತು, ಮದುವೆಗೂ ಆಯಿತು ಎಂಬುದು ಅಪ್ಪ ಪಂಚಾಕ್ಷರಿಯ ಎಣಿಕೆ. ಅವಳಿಗೆ ಬೇಕಾದದ್ದು ಸಿಬಿಜೆಡ್, ಅಂದರೆ ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ನಿಜ ಹೇಳಬೇಕೆಂದರೆ ಜುವಾಲಜಿ ಒಂದೇ ಸಾಕಿತ್ತು.

ಅಪ್ಪ ಇನ್ನೇನು ಒಪ್ಪುವುದರಲ್ಲಿದ್ದರು. ಅಷ್ಟರಲ್ಲಿ ಎದುರುಮನೆಯ ವಿಮಲಮ್ಮ ಕಾಫಿ ಕುಡಿಯುತ್ತಾ, ಕಪ್ಪೆ ಕೊಯ್ಯುವುದಕ್ಕೆ ಹುಡುಗಿಗೆ ಹೇಸಿಗೆಯಾಗುವುದಿಲ್ಲವೇ ಎಂದು ಕೇಳಿಬಿಟ್ಟರು. ಅಜ್ಜಿ ಬಸವರಾಜೇಶ್ವರಿ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. ಪಿಯುಸಿಯಲ್ಲೇ ಒಂದು ಕೊಯ್ದಾಗಿದೆ ಎಂಬುದೂ ಹೊರಬಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಜೀವ ಸೀಳುವುದುಂಟೇ, ಇನ್ನು ಆ ಕೈಯಲ್ಲಿ ನನ್ನ ಪೂಜೆಯ ಹೂವು ಮುಟ್ಟಬೇಡ ಎಂದರು. ತಾಯಿಯ ಮಾತು ಮೀರಿ ಗೊತ್ತಿಲ್ಲದ ಪಂಚಾಕ್ಷರಿ, ಹೋಂ ಸೈನ್ಸೇ ಸರಿ ಎಂದುಬಿಟ್ಟರು.

ಮರುದಿನ ಬೆಳಿಗ್ಗೆ ಅಜ್ಜಿ ಎಂದಿನಂತೆ ಕುಂಕುಮ ಬಣ್ಣದ ರೇಷ್ಮೆ ಸೀರೆಯುಟ್ಟು ಪೂಜೆಗೆ ಕೂತಿದ್ದರು. ಅದು ತಾತ ತಂದುಕೊಟ್ಟ ಸೀರೆ. ರಾತ್ರಿಯಿಡೀ ಕುದ್ದಿದ್ದ ಜಗದಾಂಬಾ ಬಂದು ಎದುರಿಗೆ ನಿಂತಳು.

"ಅಜ್ಜಿ, ನೀನು ಉಟ್ಟಿರೋ ಸೀರೆಗೆ ಎಷ್ಟು ಸಾವಿರ ಹುಳ ಸತ್ತಿವೆ ಗೊತ್ತಾ? ಗೂಡಿನ ಸಮೇತ ಬಿಸಿನೀರಿಗೆ ಹಾಕ್ತಾರೆ. ಕಾಲೇಜಿಂದ ಕೆಂಗೇರಿ ಆಚೆ ರೇಷ್ಮೆ ನೂಲು ತೆಗೆಯೋ ಕಡೆ ಕರ್ಕೊಂಡು ಹೋಗಿ ತೋರ್ಸಿದಾರೆ. ನಾನು ಕೊಯ್ದಿದ್ದು ಒಂದೇ ಒಂದು ಕಪ್ಪೆ."

ದಾವಣಗೆರೆಯ ಅಂಗಡಿ ಮನೆತನದಲ್ಲಿ ಬೆಳೆದ ಅಜ್ಜಿ, ಹುಳ ಚಿಟ್ಟೆಯಾಗಿ ಹೋದಮೇಲೆ ಬಿಟ್ಟ ಗೂಡನ್ನು ಜನ ಆರಿಸಿ ತರುತ್ತಾರೆ ಎಂದೇ ಇಷ್ಟು ಕಾಲ ನಂಬಿದ್ದರು.

"ಹಾರಿಹೋಗಲ್ವಾ ಅವು?" ಎಂದು ಕೇಳಿದರು.

ಇಲ್ಲ ಎಂದಳು. ಹೇಳುವಾಗ ಒಳಗೊಳಗೇ ಖುಷಿಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಜ್ಜಿ ಪೂಜೆ ಅರ್ಧಕ್ಕೆ ಬಿಟ್ಟು ಎದ್ದರು. ಹತ್ತಿ ಸೀರೆ ಉಟ್ಟು ಬಂದು ಮುಗಿಸಿದರು. ಊಟಕ್ಕೆ ಕೂತಾಗ ಮಗನಿಗೆ, "ಅವಳು ಕೇಳಿದ್ದಕ್ಕೇ ಸೇರ್ಸಪ್ಪ. ಇಷ್ಟು ವರ್ಷ ಅದನ್ನ ಉಟ್ಕೊಂಡು ಪೂಜೆ ಮಾಡ್ದೋಳು, ನಾನೇನಂತ ಬೇಡ ಅನ್ಲಿ?" ಎಂದರು. ಜಗದಾಂಬಾ ಅರ್ಧ ಊಟಕ್ಕೇ ಎದ್ದಳು.

ಸಿಬಿಜೆಡ್ ಸೇರಿದ್ದಾಯಿತು. ರೇಷ್ಮೆ ಸೀರೆ ಟ್ರಂಕು ಸೇರಿತು. ವಿಜಯನಗರದಲ್ಲಿ ನೆಂಟರ ಮದುವೆಗೆ ಅಜ್ಜಿ ಒಗೆದ ಹತ್ತಿ ಸೀರೆಯಲ್ಲೇ ಬಂದು ಕೂತರು. ಮಗ ತಾಯಿಯನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದು ಹೆಂಗಸರು ಪಿಸುಗುಟ್ಟಿದರು, ಅಪ್ಪ ತಲೆ ತಗ್ಗಿಸಿದರು. ಅಜ್ಜಿ ಯಾರಿಗೂ ಕಾರಣ ಹೇಳಲಿಲ್ಲ. ಇದು ನನ್ನ ಕೆಲಸ ಎನ್ನಲು ಜಗದಾಂಬಾಳಿಗೂ ನಾಲಿಗೆ ಏಳಲಿಲ್ಲ. ಆ ಹುಳಗಳಿಗಾಗಿ ಅವಳು ಒಂದು ದಿನವೂ ಮರುಗಿದವಳಲ್ಲ. ಅವುಗಳ ಸಾವನ್ನು ಕೈಗೆ ಸಿಕ್ಕಿದ ಕಲ್ಲಿನಂತೆ ಎತ್ತಿ ಎಸೆದಿದ್ದಳು, ಅದೂ ತನ್ನನ್ನು ಎತ್ತಿ ಆಡಿಸಿದವಳ ಮೇಲೆ. ನೆನೆದಾಗಲೆಲ್ಲ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಒಂದು ಬೆಳಿಗ್ಗೆ ಅಜ್ಜಿ, ಲಿಂಗ ಸುತ್ತಿಡುತ್ತಿದ್ದ ರೇಷ್ಮೆಯ ತುಂಡನ್ನೂ ತೆಗೆದು ಹತ್ತಿ ಬಟ್ಟೆ ಹೊಲಿಯುತ್ತಾ ಕೂತಿದ್ದರು. ಅವಳನ್ನು ಹತ್ತಿರ ಕರೆದರು.

"ಹತ್ತಿಗೆ ಏನೂ ಸಾಯಲ್ವಲ್ಲ, ಜಗದಾ? ನೀನು ಓದ್ತಾ ಇದೀಯ, ಸರಿಯಾಗಿ ಹೇಳು."

ಹಿಂದಿನ ವಾರವಷ್ಟೇ ಕ್ಲಾಸಿನಲ್ಲಿ ಹತ್ತಿಯ ಕಾಯಿ ಕೊರೆಯುವ ಹುಳದ ಪಾಠವಾಗಿತ್ತು. ಯಾವ ವಿಷ ಸಿಂಪಡಿಸಿದರೆ ಇಡೀ ಹೊಲದ ಹುಳಗಳೆಲ್ಲ ಸಾಯುತ್ತವೆ ಎಂದು ಮೇಷ್ಟ್ರು ಬರೆಸಿದ್ದರು.

"ಇಲ್ಲ ಅಜ್ಜಿ. ಏನೂ ಸಾಯಲ್ಲ."

ಅಜ್ಜಿಯ ಮುಖ ಹಗುರಾಯಿತು. "ಹಂಗಾದ್ರೆ ಸರಿ. ಹೋಗು, ಹಿತ್ತಲಿಂದ ನಾಕು ಕಣಗಿಲೆ ಹೂವು ಕಿತ್ಕೊಂಡು ಬಾ," ಎಂದರು. ಕಪ್ಪೆಯ ವಿಷಯ ತಿಳಿದ ದಿನದಿಂದ ಹೂವು ತರಲು ಅವಳಿಗೆ ಹೇಳಿರಲಿಲ್ಲ.

ಜಗದಾಂಬಾ ಬಚ್ಚಲಿಗೆ ಹೋಗಿ ಕೈ ತೊಳೆದಳು. ಮತ್ತೊಮ್ಮೆ ಸೋಪು ಹಚ್ಚಿ ತೊಳೆದಳು. ಹೂವಿಗೆ ಹೊತ್ತಾಯಿತೆಂದು ಅಜ್ಜಿ ಕೂಗುವವರೆಗೂ ತೊಳೆಯುತ್ತಲೇ ಇದ್ದಳು.