ಗೊರಕೆಯ ನಡುವೆ ನಿಂತ ಉಸಿರು

ಸಲೂನಿನವನ ಗೊರಕೆ ಬೀದಿಗೆಲ್ಲ ಗೊತ್ತು. ಮಧ್ಯಾಹ್ನ ಗಿರಾಕಿಯ ಕುರ್ಚಿಯಲ್ಲೇ ಒರಗಿ ಶುರುಮಾಡಿದನೆಂದರೆ ಕನ್ನಡಿಯ ಮುಂದಿನ ಸೀಸೆಗಳು ಗಲಗಲ ಎನ್ನುತ್ತಿದ್ದವು. “ಅದೃಷ್ಟವಂತ! ಎಂಥ ನಿದ್ದೆ!” ಎಂದು ಪಕ್ಕದಂಗಡಿಯವರು ನಗುತ್ತಿದ್ದರು. ಹೆಂಡತಿಗೂ ಅದೇ ಹೆಮ್ಮೆ.

ಆದರೆ ಆ ಅದೃಷ್ಟವಂತ ನಿಂತಲ್ಲೇ ತೂಕಡಿಸುತ್ತಿದ್ದ. ನಿದ್ದೆ ಓಡಿಸಲು ಗಿರಾಕಿಗೊಂದರಂತೆ ಸಕ್ಕರೆ ಸುರಿದ ಟೀ ಕುಡಿಯುತ್ತಿದ್ದ. ಹೊಟ್ಟೆ ಮುಂದೆ ಬಂತು, ಕುತ್ತಿಗೆ ದಪ್ಪವಾಯಿತು, ತೂಕಡಿಕೆ ಮಾತ್ರ ಹೋಗಲಿಲ್ಲ. ಒಂದು ದಿನ ಗಡ್ಡ ಹೆರೆಯುತ್ತಲೇ ಕಣ್ಣು ಮುಚ್ಚಿದ. ಕತ್ತಿ ಗಿರಾಕಿಯ ಗಂಟಲ ಮೇಲಿತ್ತು! ಪುಣ್ಯಕ್ಕೆ ಬರೀ ಗೀರಿನಲ್ಲಿ ಮುಗಿಯಿತು.

ಸುದ್ದಿ ಕೇಳಿ ಅವನ ಅಕ್ಕ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸ್. ಕುರ್ಚಿಯಲ್ಲಿ ಮಲಗಿದ್ದ ತಮ್ಮನ ಪಕ್ಕ ಅವನ ಹೆಂಡತಿಯನ್ನು ಕೂರಿಸಿ, “ಸ್ವಲ್ಪ ಕೇಳು” ಎಂದಳು.

ಗೊರಕೆ ಏರಿತು, ಏರಿತು, ಥಟ್ಟನೆ ನಿಂತಿತು. ಎದೆ ಹೆಣಗುತ್ತಿದೆ, ಉಸಿರಿಲ್ಲ. ಹೆಂಡತಿ ಅವನನ್ನು ಅಲುಗಿಸಲು ಕೈಚಾಚಿದಳು. ಆಮೇಲೆ ಉಸಿರುಗಟ್ಟಿದವನು ಬಿಡಿಸಿಕೊಂಡಂತೆ ಒಂದು ಸದ್ದು, ಮತ್ತೆ ಗೊರಕೆ.

“ಅತ್ತಿಗೆ, ಇಷ್ಟು ವರ್ಷ ಇದನ್ನೇ ಸುಖನಿದ್ದೆ ಅಂದ್ಕೊಂಡಿದ್ನಲ್ಲಾ!”

“ಇದಕ್ಕೆ ಸ್ಲೀಪ್ ಆಪ್ನಿಯಾ ಅಂತಾರಮ್ಮ. ಗಂಟಲಲ್ಲಿ, ನಾಲಿಗೆಯಲ್ಲಿ ಕೊಬ್ಬು ಸೇರ್ಕೊಂಡು, ಮಲಗಿದಾಗ ಉಸಿರಿನ ದಾರಿ ಮುಚ್ಚುತ್ತೆ. ರಾತ್ರಿಯೆಲ್ಲ ಹೀಗೆ ನಿದ್ದೆ ಕೆಡೋದಕ್ಕೇ ಹಗಲು ತೂಕಡಿಕೆ. ತೂಕ ಇಳಿದ್ರೆ ದಾರಿ ಅಗಲವಾಗುತ್ತೆ.”

ಈ ಮಾತಿಗೆ ಎಚ್ಚರವಾದವನು ನಕ್ಕ. “ಹೊಟ್ಟೆ ಎಲ್ಲಿ, ಗೊರಕೆ ಎಲ್ಲಿ! ಅಕ್ಕಾ, ನಾಲಿಗೆಗೂ ಕೊಬ್ಬಾ?”

“ನಿನ್ನ ಮಾತು ಕೇಳಿದ್ರೆ ಗೊತ್ತಾಗಲ್ವೇನೋ?”

ಹೆಂಡತಿ ನಗಲಿಲ್ಲ. “ರೀ, ನಿಮ್ಮ ಉಸಿರು ನಿಂತಿದ್ದನ್ನ ನಾನು ಕಣ್ಣಾರೆ ನೋಡ್ದೆ” ಎಂದಳು. ಮರುದಿನವೇ ಅವನು ಅಕ್ಕನ ಜೊತೆ ಆಸ್ಪತ್ರೆಗೆ ಹೊರಟ.

ನಿದ್ದೆಯ ಪರೀಕ್ಷೆಯಲ್ಲಿ ಕಾಯಿಲೆ ತೀವ್ರವಾಗಿದೆ ಎಂದು ತಿಳಿಯಿತು. ವೈದ್ಯರು ಮಲಗುವಾಗ ಮೂಗಿಗೆ ಗಾಳಿ ಊದುವ ಯಂತ್ರ ಕೊಟ್ಟು, ತೂಕ ಇಳಿಸಲು ಹೇಳಿದರು. ಸಿಹಿ ಟೀ ನಿಂತಿತು, ಊಟ ಹಿತಮಿತವಾಯಿತು, ಗೊಣಗುತ್ತಲೇ ಬೆಳಗಿನ ನಡಿಗೆ ಶುರುವಾಯಿತು. ತಿಂಗಳುಗಳ ಮೇಲೆ ತೂಕ ಹತ್ತರಲ್ಲಿ ಒಂದು ಪಾಲು ಇಳಿದಾಗ ಮತ್ತೆ ಪರೀಕ್ಷೆಯಾಯಿತು. ಉಸಿರು ನಿಲ್ಲುವುದು ಎಷ್ಟೋ ಕಡಿಮೆಯಾಗಿತ್ತು!

“ಹಾಗಾದ್ರೆ ಯಂತ್ರ ಬಿಡ್ಲಾ ಅಕ್ಕಾ?”

“ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಡಾಕ್ಟರು ಹೇಳೋವರೆಗೂ ಬಿಡಬೇಡ.”

ಹೆಂಡತಿ ಅವನ ಎದೆಯ ಮೇಲೆ ಕೈಯಿಟ್ಟಳು. ಅವಳ ಕಣ್ಣು ತುಂಬಿತ್ತು. “ನಾವು ಮೈಮರೆತು ಮಲಗಿದ್ರೂ ಉಸಿರು ತಾನಾಗೇ ಬರುತ್ತೆ, ಹೋಗುತ್ತೆ. ಎಂಥ ಸೋಜಿಗ ಅತ್ತಿಗೆ! ನಾನು ಒಂದು ದಿನವೂ ಕಿವಿಗೊಡಲಿಲ್ಲ.”

ನೀವು ಕಿವಿಗೊಡಿ. ಈ ಕಾಯಿಲೆ ತೆಳ್ಳಗಿರುವವರಿಗೂ ಬರಬಹುದು. ತೂಕ ಹೆಚ್ಚಿದ್ದರೆ ಇಳಿಸಿದಷ್ಟೂ ಒಳ್ಳೆಯದು. ನಿಮ್ಮವರ ಗೊರಕೆ ನಡುವೆ ನಿಂತು ಮನೆ ನಿಶ್ಶಬ್ದವಾದರೆ, ಸದ್ಯ ನಿಂತಿತಲ್ಲ ಎಂದು ಮಗ್ಗುಲಾಗಬೇಡಿ. ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ.