ಅಲುಗದ ನೀರು

ಆ ಭಾನುವಾರ ಮನೆಯ ಕೊಳವೆಗಳು ಸದ್ದು ಮಾಡಲಿಲ್ಲ.

ಫಾಲ್ ರಿವರ್ ಪಟ್ಟಣದ ಆ ಮೂರಂತಸ್ತಿನ ಮರದ ಮನೆಯಲ್ಲಿ ಚಳಿಗಾಲವೆಂದರೆ ಗದ್ದಲ. ನೆಲಮಾಳಿಗೆಯ ಬಾಯ್ಲರಿನಿಂದ ಉಗಿ ಮೇಲೇರುವಾಗ ಕೊಳವೆಗಳು ಠಣಠಣ ಬಡಿದುಕೊಳ್ಳುತ್ತಿದ್ದವು, ಕಿಟಕಿಯಡಿಯ ರೇಡಿಯೇಟರುಗಳು ಬುಸುಗುಡುತ್ತಿದ್ದವು. ಚರ್ಚಿನಿಂದ ಬಂದು ಕಪ್ಪು ಕೋಟು ಬಿಚ್ಚಿದ ದಿಯೊಲಿಂಡಾ ರೇಡಿಯೇಟರಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಕೆಳಗೆ ಬೆಂಕಿ ಉರಿಯುವ ಗುಂಯ್ ಎಂಬ ಸದ್ದು ಮಾತ್ರ ನಿಂತಿರಲಿಲ್ಲ. ಬೆಂಕಿ ಇದೆ, ಉಗಿ ಇಲ್ಲ.

ಮೇಲಿನ ಅಂತಸ್ತಿನಿಂದ ಮಗಳು ಲುಸೀಲಿಯಾ ಕೂಗಿದಳು. ಹೆತ್ತು ಇನ್ನೂ ತಿಂಗಳು ತುಂಬದ ಬಾಣಂತಿ ಅವಳು.

"ಅಮ್ಮಾ, ಮನೆ ಯಾಕೆ ಹಿಂಗೆ ತಣ್ಣಗಾಗ್ತಿದೆ? ಕೂಸಿನ ಮೂಗು ಕೆಂಪಾಗೋಗಿದೆ. ಚಿಕ್ಕಪ್ಪಂಗೆ ಹೇಳೇ!"

ಚಿಕ್ಕಪ್ಪ ಎಂದರೆ ಜಿಲ್ಬರ್ಟೊ, ದಿಯೊಲಿಂಡಾಳ ತೀರಿಹೋದ ಗಂಡ ಅಮಾಂದಿಯೊನ ತಮ್ಮ. ಅಣ್ಣ ದ್ರಾಕ್ಷಿ ಹಿಂಡುವ ದಿನಗಳಲ್ಲಿ ಕಣ್ಣು ಮುಚ್ಚಿದ ಮೇಲೆ ನೆಲಮಾಳಿಗೆಗೆ ಅವನೇ ದೊರೆ. ಆ ಬೀದಿಯಲ್ಲಿ ನೆಲಮಾಳಿಗೆಗಳೆಲ್ಲ ಗಂಡಸರ ರಾಜ್ಯ. ವೈನಿನ ಪೀಪಾಯಿ, ಇಸ್ಪೀಟಿನ ಮೇಜು, ಬಾಯ್ಲರು, ಎಲ್ಲ ಅವರವೇ. ಹೆಂಗಸರು ಸೂಪಿನ ಬಟ್ಟಲು ಹಿಡಿದು ಕೊನೆಯ ಮೆಟ್ಟಿಲ ತನಕ ಹೋದರೆ ಅದೇ ಹೆಚ್ಚು. ಹಾಗಾಗಿ ದಿಯೊಲಿಂಡಾ ಬಾಯ್ಲರನ್ನು ಬಲ್ಲದ್ದು ಕಿವಿಯಿಂದ. ಪ್ರತಿ ಭಾನುವಾರ ಅಮಾಂದಿಯೊ ಅದರ ಕೆಳಗಿನ ನಲ್ಲಿ ತಿರುಗಿಸಿ ಕೆಸರಿನಂಥ ಕಪ್ಪು ನೀರನ್ನು ಬಕೆಟ್ಟಿಗೆ ಬಿಡುತ್ತಿದ್ದ. ಆ ನೀರು ಬೀಳುವ ಸದ್ದು, ಹಿಂದೆಯೇ ಅವನ ಗೊಣಗು: "ಈ ಕೊಳೆ ಹೋಗ್ಲಿ. ಇಲ್ಲಾಂದ್ರೆ ಈ ಮುಂಡೇದು ನಮ್ಗೆ ಸುಳ್ಳು ಹೇಳತ್ತೆ."

ಈ ಚಳಿಗಾಲದಲ್ಲಿ ಆ ಬಕೆಟ್ಟಿನ ಸದ್ದು ಒಮ್ಮೆಯೂ ಕೇಳಿರಲಿಲ್ಲ. ಅವಳು ಕೇಳಿದ್ದಕ್ಕೆ ಜಿಲ್ಬರ್ಟೊ ನಕ್ಕಿದ್ದ.

"ಅತ್ತಿಗೆ, ಪೀಪಾಯಿ ತಳದ ಗಷ್ಟನ್ನ ಯಾರಾದ್ರೂ ಕದಡ್ತಾರಾ? ಕದಡಿದ್ರೆ ವೈನು ಕೆಡತ್ತೆ, ನೀರೂ ಅಷ್ಟೇ. ಬಂದು ನೋಡಿ, ಮಟ್ಟ ತೋರಿಸೋ ಗಾಜಲ್ಲಿ ನೀರು ಅರ್ಧಕ್ಕೆ ನಿಂತಿದ್ದು ನಿಂತೇ ಇದೆ. ಅಣ್ಣ ವಾರವಾರ ಸುರಿದು ದಂಡ ಮಾಡ್ತಿದ್ದ. ನಾನು ಒಂದು ತೊಟ್ಟೂ ಹಾಕಿಲ್ಲ!"

ಜಿಲ್ಬರ್ಟೊ ಒಳ್ಳೆಯ ವೈನು ಮಾಡುತ್ತಿದ್ದ, ಅದು ನಿಜ. ಆ ಒಂದು ವಿದ್ಯೆಯನ್ನೇ ಅವನು ಲೋಕದ ಸಮಸ್ತಕ್ಕೂ ಅನ್ವಯಿಸುತ್ತಿದ್ದ, ಅದೇ ತೊಂದರೆ.

ದಿಯೊಲಿಂಡಾ ಕೊನೆಯ ಮೆಟ್ಟಿಲನ್ನೂ ಇಳಿದಳು. ಬಾಯ್ಲರಿನ ಪಕ್ಕದ ಗಾಜಿನ ಕೊಳವೆಯಲ್ಲಿ ನೀರು ಅರ್ಧಕ್ಕೆ ನಿಂತಿತ್ತು. ಅಬ್ಬ, ಎಂದುಕೊಂಡಳು. ಆಮೇಲೆ ಅಮಾಂದಿಯೊ ಹೇಳುತ್ತಿದ್ದುದು ನೆನಪಾಯಿತು: ಬೆಂಕಿ ಉರಿಯುವಾಗ ಆ ನೀರು ಕುಣಿಯುತ್ತಿರಬೇಕು. ಈ ನೀರು ಅಲುಗುತ್ತಲೇ ಇರಲಿಲ್ಲ. ಬಕೆಟ್ಟಿಟ್ಟು ಕೆಳಗಿನ ನಲ್ಲಿ ತಿರುಗಿಸಿದಳು. ಒಂದು ಹನಿಯೂ ಬೀಳಲಿಲ್ಲ. ಕಾದ ಒಣಗಾಳಿ ಮುಖಕ್ಕೆ ಹೊಡೆಯಿತು, ಸುಟ್ಟ ಕಬ್ಬಿಣದ ವಾಸನೆ.

ಒಳಗೆ ಆದದ್ದಿಷ್ಟು. ಗಷ್ಟು ಗಟ್ಟಿಯಾಗಿ ಗಾಜಿನ ಬಾಯಿ ಕಟ್ಟಿತ್ತು, ಹಳೆಯ ನೀರು ಅಲ್ಲೇ ಸೆರೆಯಾಗಿತ್ತು. ನೀರಿಳಿದಾಗ ಕೆಳಗಿಳಿದು ಬೆಂಕಿ ಆರಿಸಬೇಕಾದ ತೇಲುಗುಂಡೂ ಅದೇ ಗಷ್ಟಿನಲ್ಲಿ ಹೂತು ಕೂತಿತ್ತು. ಬಾಯ್ಲರು ಬರಿಹೊಟ್ಟೆಯಲ್ಲಿ ಉರಿಯುತ್ತಿತ್ತು. ಬಾಗಿಲಿನ ಸಂದಿಯಲ್ಲಿ ಕಬ್ಬಿಣ ಕೆಂಪಾಗಿದ್ದುದು ಅವಳಿಗೆ ಕಂಡಿತು.

ಓಡಿಹೋಗಿ ಮೆಟ್ಟಿಲ ತಲೆಯಲ್ಲಿದ್ದ ಕೆಂಪು ಸ್ವಿಚ್ಚು ಆರಿಸಿದಳು. ಬೆಂಕಿ ನಿಂತಿತು. ಅಷ್ಟರಲ್ಲಿ ಜಿಲ್ಬರ್ಟೊ ಹಿಂಬಾಗಿಲಿನಿಂದ ನೇರ ಕೆಳಗೆ ಬಂದಿದ್ದ. ಅವಳು ಮತ್ತೆ ಇಳಿಯುವಾಗ ಅವನು ಖಾಲಿ ಬಕೆಟ್ಟು ನೋಡಿ, ತಣ್ಣೀರು ಬಿಡುವ ಚಕ್ರಕ್ಕೆ ಕೈಹಾಕಿ ನಿಂತಿದ್ದ.

"ನೀರಿಲ್ವಾ? ಅಷ್ಟೇ ತಾನೆ, ಈಗ ಬಿಟ್ಟೆ."

"ಮುಟ್ಬೇಡ! ಅದು ಕಾದು ಕೆಂಪಾಗಿದೆ ಕಣೋ. ತಣ್ಣೀರು ಬಿದ್ರೆ ಒಡೆದು ಮನೇನೇ ಹಾರಿಸಿಬಿಡತ್ತೆ. ತಾನಾಗಿ ಆರ್ಲಿ."

"ಅದು ಆರೋ ಹೊತ್ತಿಗೆ ಮನೆ ಹೆಪ್ಪುಗಟ್ಟಿರತ್ತೆ. ಕೂಸು ಚಳೀಲಿ ಸಾಯ್ಬೇಕಾ? ಹೋಗಿ ಅತ್ತಿಗೆ, ಮೇಲೆ ಸೂಪು ತಳ ಹತ್ತೀತು. ಇದು ನಿಮ್ಗೆ ಗೊತ್ತಾಗೋ ವಿಷ್ಯ ಅಲ್ಲ."

ಅವಳಿಗೆ ಮೈಯೆಲ್ಲ ಉರಿಯಿತು. ಕೈ ಹಿಡಿದೆಳೆದರೆ ಹಟಕ್ಕೆ ತಿರುಗಿಸಿಬಿಡುವ ಜಾತಿ ಅವನದು. ಹೆದರಿಕೆಯಿಂದ ಅವಳ ದನಿ ತೀರ ಸಣ್ಣದಾಗಿತ್ತು.

"ಸರಿ, ತಿರುಗ್ಸು. ಆದ್ರೆ ಮೊದ್ಲು ಮೇಲೆ ಹೋಗಿ ಕೂಸನ್ನ ಎತ್ಕೊಂಡು ಬಾ. ಒಂದು ಕೈಲಿ ಅದನ್ನ ಎದೆಗವುಚ್ಕೊ, ಇನ್ನೊಂದು ಕೈಲಿ ತಿರುಗ್ಸು. ನಾನೂ ಪಕ್ಕದಲ್ಲೇ ನಿಂತಿರ್ತೀನಿ."

ಜಿಲ್ಬರ್ಟೊ ಅಲುಗಲಿಲ್ಲ. ಮೇಲೆ ಕೂಸು ಅಳತೊಡಗಿತು. ಆಗಲೇ ಬಾಯ್ಲರಿನ ಹೊಟ್ಟೆಯೊಳಗೆ ಏನೋ ಫಟ್ಟೆಂದು ಸೀಳಿತು. ಮೇಜಿನ ಮೇಲಿದ್ದ ಲೋಟಗಳು ನಡುಗಿದವು, ಮಸಿ ಉದುರಿತು. ಅವನು ಚಕ್ರವನ್ನು ಗಕ್ಕನೆ ಹಿಂದಕ್ಕೆ ತಿರುಗಿಸಿ ಕೈ ಕಿತ್ತುಕೊಂಡ.

ದಿಯೊಲಿಂಡಾ ಮೇಲೆ ಹೋಗಿ ಕೂಸನ್ನು ಅಮಾಂದಿಯೊನ ಉಣ್ಣೆ ಕೋಟಿನಲ್ಲಿ ಸುತ್ತಿ, ಮಗಳನ್ನು ಕರೆದುಕೊಂಡು ಹಿಮದೊಳಗೆ ಎದುರುಮನೆಯತ್ತ ನಡೆದಳು. ಜಿಲ್ಬರ್ಟೊ ತೊಟ್ಟಿಲು ಹೊತ್ತು ಹಿಂದೆ ಬಂದ. ಲುಸೀಲಿಯಾ ಒಳಗೆ ಹೋದ ಮೇಲೆ ಅವನು ತೊಟ್ಟಿಲು ಇಳಿಸಿ ಅಂಗಳದಲ್ಲೇ ನಿಂತುಬಿಟ್ಟ. ತನ್ನ ಬಲಗೈಯನ್ನೇ ನೋಡುತ್ತಿದ್ದ.

"ಅತ್ತಿಗೆ, ನೀವು ಮತ್ತೆ ಮೆಟ್ಟಿಲಿಳಿಯೋ ಮುಂಚೆನೇ ನಾನು ಚಕ್ರ ಒಂಚೂರು ತಿರುಗ್ಸಿದ್ದೆ. ಒಂಚೂರೇ. ಒಂದೆರಡು ಹನಿ ಹೋಗಿರ್ಬೇಕು, ಅಷ್ಟೆ. ಅದಕ್ಕೇ ಅದು ಒಡೀತು."

ದಿಯೊಲಿಂಡಾ ಕೂಸನ್ನು ಅವನ ಆ ಬಲಗೈಯ ಮೇಲೆ ಮಲಗಿಸಿ, ಕೋಟಿನ ಅಂಚು ಸರಿಮಾಡಿ ಪಕ್ಕದಲ್ಲೇ ನಿಂತಳು. ಅವನು ಅದನ್ನು ಎದೆಗವುಚಿಕೊಂಡ.